ಮೂರನೇ ಗುಂಪಿನ ಇಲಿಗಳು

ಡಾ. ಕುಮಾರಸ್ವಾಮಿ ತಮ್ಮ ಕೈಯಿಂದಲೇ ಕೇಕಿನ ತುಂಡನ್ನು ಶಿಲ್ಪಶ್ರೀಯ ಬಾಯಿಗಿಟ್ಟರು. ಪ್ರಯೋಗಾಲಯದ ಹೊಸ ಪ್ರಬಂಧ ಪ್ರಕಟವಾದ ಸಂಭ್ರಮಕ್ಕೆ ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಕೇಕಿನ ಮೇಲೆ ಕೆಂಪು ಕ್ರೀಮಿನಲ್ಲಿ ಮೈಟೋಕಾಂಡ್ರಿಯಾದ ಚಿತ್ರ ಬಿಡಿಸಿದ್ದರು. ಮೆದುಳಿನ ಜೀವಕೋಶಗಳಿಗೆ ಶಕ್ತಿ ಒದಗಿಸುವ ಈ ಪುಟ್ಟ ಒಲೆಗಳ ಮೇಲೆ ಕುಮಾರಸ್ವಾಮಿಯವರಷ್ಟು ಪ್ರಬಂಧ ಬರೆದವರು ಇನ್ನೊಬ್ಬರಿಲ್ಲವೆಂದು ಸಂಸ್ಥೆಯ ನಿರ್ದೇಶಕರು ಆಗಷ್ಟೇ ಭಾಷಣ ಮುಗಿಸಿದ್ದರು.

"ನಮ್ಮ ಕನ್ನಡದ ಹುಡುಗಿ," ಎಂದು ಕುಮಾರಸ್ವಾಮಿ ಅವಳ ಬೆನ್ನು ತಟ್ಟಿದರು. "ಈ ಪೇಪರಿನಲ್ಲಿ ಮೊದಲ ಹೆಸರೇ ಇವಳದು."

ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಮನೆಯಲ್ಲಿದ್ದ ಶಿಲ್ಪಶ್ರೀ ಪೋರೂರಿನ ಪ್ರಯೋಗಾಲಯಕ್ಕೆ ಮರಳಿದ್ದು ಅಂದೇ. ಗೋಡೆಗೆ ಅಂಟಿಸಿದ್ದ ಗ್ರಾಫನ್ನು ನೋಡಿದಳು. ಗಿಡಮೂಲಿಕೆಯ ಸಾರ ತಿನ್ನಿಸಿದ ಮೂರನೇ ಗುಂಪಿನ ಇಲಿಗಳ ಮೆದುಳು ಚೇತರಿಸಿಕೊಂಡಿದೆ ಎನ್ನುತ್ತಿತ್ತು ಅದು. ಆ ಇಲಿಗಳು ಪ್ರಯೋಗದ ನಡುವೆಯೇ ಸತ್ತಿದ್ದವು. ಬೇಸಿಗೆಯ ಒಂದು ಭಾನುವಾರ ಎ.ಸಿ. ಕೆಟ್ಟು, ಬೆಂದ ಕೋಣೆಯಲ್ಲಿ ಹೊಟ್ಟೆ ಉಬ್ಬಿ ಬಿದ್ದಿದ್ದವುಗಳನ್ನು ಜೈವಿಕ ತ್ಯಾಜ್ಯದ ಹಳದಿ ಚೀಲಕ್ಕೆ ತುಂಬಿದವಳು ಅವಳೇ. ತಾನು ರಜೆಯಲ್ಲಿದ್ದಾಗ ಹೊಸ ಇಲಿಗಳನ್ನು ತರಿಸಿ ಮತ್ತೆ ಮೊದಲಿನಿಂದ ಮಾಡಿರಬೇಕೆಂದು ಇಷ್ಟು ದಿನ ನಂಬಿದ್ದಳು.

ಪಕ್ಕದಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿ ವೀಕ್ಷಾಳನ್ನು ಹೊಸ ಇಲಿಗಳ ಬಗ್ಗೆ ಮೆಲ್ಲಗೆ ಕೇಳಿದಳು.

"ಹೊಸ ಬ್ಯಾಚ್ ಬರ್ಲೇ ಇಲ್ಲಕ್ಕಾ," ಎಂದಳು ವೀಕ್ಷಾ, ತಲೆ ಎತ್ತದೆ, ಊರಿನ ತಮಿಳನ್ನೂ ಬೆರೆಸಿ. "ಸರ್ ಆರ್ಡರೇ ಪೋಡಲೆ, ಕೊಡ್ಲೇ ಇಲ್ಲ."

ಬಾಯಿಯ ಕ್ರೀಮು ಒಮ್ಮೆಲೇ ಜಿಡ್ಡಾಗಿ ನಾಲಗೆಗೆ ಮೆತ್ತಿಕೊಂಡಿತು. ಅದನ್ನು ಉಗುಳಲಾರದೆ ನುಂಗಿದಳು.

ಅವಳು ಒಳಗೆ ಹೋದಾಗ ಕುಮಾರಸ್ವಾಮಿ ತಮ್ಮ ಕೋಣೆಯಲ್ಲಿ ಟಿಶ್ಯೂ ಕಾಗದದಿಂದ ಒಂದೊಂದೇ ಬೆರಳು ಒರೆಸಿಕೊಳ್ಳುತ್ತಿದ್ದರು.

"ಸರ್, ಮೂರನೇ ಗುಂಪಿನ ಮೆದುಳು ನಾವು ನೋಡ್ಲೇ ಇಲ್ಲವಲ್ಲ."

"ನೋಡಿದ್ರೂ ಇದೇ ಬರ್ತಿತ್ತು. ನನ್ನ ಅನುಭವದ ಮೇಲೆ ಹೇಳ್ತಿದೀನಿ. ಕೂತ್ಕೋಮ್ಮ, ಕಾಲು ನೋವಿರಬೇಕು."

ಆ ದನಿಯಲ್ಲಿದ್ದ ಅಕ್ಕರೆಗೆ ಅವಳ ಮೈ ಮುಳ್ಳೆದ್ದಿತು. ಇಲಿಗಳ ನಾತವನ್ನಾದರೂ ಅಂದು ಮೂಗು ಕಟ್ಟಿಕೊಂಡು ಸಹಿಸಿದ್ದಳು. ಈ ಸುವಾಸನೆಯ ಕೋಣೆಯಲ್ಲಿ ನಿಲ್ಲಲಾಗಲಿಲ್ಲ.

ಸಂಜೆ ವಡಪಳನಿಯ ದೊಡ್ಡಮ್ಮನ ಮನೆಗೆ ಹೋದಳು. ದೊಡ್ಡಪ್ಪ ಚನ್ನವೀರಪ್ಪನವರು ಕಿಟಕಿಯ ಬಳಿ ಕುಳಿತಿದ್ದರು. ನರರೋಗದಿಂದ ಅವರ ಬಲಗೈ ತೊಡೆಯ ಮೇಲೆ ಅದುರುತ್ತಿತ್ತು. ದೊಡ್ಡಮ್ಮ ಕಲ್ಯಾಣಮ್ಮ ಹಸಿರು ಡಬ್ಬಿಯೊಂದನ್ನು ತಂದು ತೋರಿಸಿದರು. ಇಲಿಗಳಿಗೆ ತಿನ್ನಿಸಿದ ಅದೇ ಸಾರದ ಕ್ಯಾಪ್ಸೂಲು.

"ನ್ಯೂಸ್ ಪೇಪರ್‌ನಲ್ಲಿ ನಿನ್ನ ಹೆಸರು ಬಂದಿತ್ತಲ್ಲೇ, ಅದ್ಕೇ ತರ್ಸಿದೆ. ಡಾಕ್ಟ್ರು ಕೊಟ್ಟಿದ್ದು ನಿಲ್ಸಿ ಇದನ್ನೇ ಕೊಡ್ತಿದೀನಿ. ಕೊಂಜಂ ಪರವಾಯಿಲ್ಲೆ, ಸ್ವಲ್ಪ ವಾಸಿ."

ಶಿಲ್ಪಶ್ರೀ ಬಚ್ಚಲಿಗೆ ಹೋಗಿ ವಾಂತಿ ಮಾಡಿದಳು. ಹೊರಬಂದು, ನಡುಮನೆಯ ಕುರ್ಚಿಯಲ್ಲಿ ಕುಳಿತು, ಪ್ರಬಂಧ ಅಚ್ಚಾದ ಸಂಶೋಧನಾ ಪತ್ರಿಕೆಯ ಸಂಪಾದಕರಿಗೆ ಫೋನಿನಲ್ಲೇ ಬರೆದಳು: ಆ ಇಲಿಗಳು ಪ್ರಯೋಗ ಮುಗಿಯುವ ಮೊದಲೇ ಸತ್ತವು, ಎತ್ತಿ ಹಾಕಿದವಳು ನಾನು, ಈ ಪ್ರಬಂಧವನ್ನು ಹಿಂತೆಗೆದುಕೊಳ್ಳಿ. ಕುಮಾರಸ್ವಾಮಿಯವರಿಗೂ ಒಂದು ಪ್ರತಿ ಕಳಿಸಿದಳು.

ಫೋನು ಬೇಗನೆ ಬಂತು.

"ಏನಮ್ಮಾ ಇದು? ಕನ್ನಡದವಳು ಅಂತ ಜಾಗ ಕೊಟ್ಟೆ. ನಾಳೆಯಿಂದ ಈ ಕಡೆ ಬರಬೇಡ. ಇನ್ನೆಲ್ಲೂ ಕೆಲಸ ಸಿಗದ ಹಾಗೆ ನೋಡ್ಕೋತೀನಿ."

"ಆಗಲಿ ಸರ್," ಎಂದು ಫೋನಿಟ್ಟಳು.

ಆಮೇಲೆ ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದಳು. ಕಲ್ಯಾಣಮ್ಮ ಕೇಳುತ್ತ ಕೇಳುತ್ತ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

"ಅವ್ರ ಕೈ ಅದುರೋದು ನಿಂತಿದ್ದನ್ನ ನಾನೇ ನೋಡಿದೀನಿ ಕಣೆ. ಅದೂ ಸುಳ್ಳಾ?"

ಶಿಲ್ಪಶ್ರೀ ಗೋಡೆಯ ಕಪಾಟು ತೆರೆದಳು. "ಹಳೇ ಮಾತ್ರೆ ಎಲ್ಲಿದೆ ದೊಡ್ಡಮ್ಮ? ಡಾಕ್ಟರಿಗೆ ಈಗಲೇ ಫೋನ್ ಮಾಡಿ ಕೇಳೋಣ."

ದೊಡ್ಡಮ್ಮ ಕದಲಲಿಲ್ಲ.

ಅಷ್ಟರಲ್ಲಿ ಚನ್ನವೀರಪ್ಪನವರು ಕಿಟಕಿಯ ಮೇಲಿದ್ದ ನೀರಿನ ಲೋಟಕ್ಕೆ ಕೈ ಚಾಚಿದರು. ಇಬ್ಬರೂ ಮಾತು ನಿಲ್ಲಿಸಿ ಆ ಕೈಯನ್ನೇ ನೋಡಿದರು. ಬೆರಳುಗಳು ಲೋಟವನ್ನು ಹಿಡಿದವು, ಎತ್ತಿದವು. ತುಟಿಗೆ ತಲುಪುವ ಮೊದಲೇ ನೀರು ತುಳುಕಿ ಪಂಚೆಯ ಮೇಲೆ ಹರಡತೊಡಗಿತು.