ಮೊದಲು ಬಿಡಿ, ಆಮೇಲೆ ಹತ್ತು

ನಮ್ಮ ಶನಿವಾರ ಹಾಳು ಮಾಡಲೆಂದೇ ಇಲಾಖೆಯವರು ತರಬೇತಿ ಇಡುತ್ತಾರೆ ಎಂಬುದು ಸ್ಟಾಫ್ ರೂಮಿನ ಹಳೆಯ ಗೊಣಗಾಟ. ಈ ಸಲ ಗೊಣಗುವ ಧೈರ್ಯ ಯಾರಿಗೂ ಬರಲಿಲ್ಲ. ನಾಲ್ಕನೇ ತರಗತಿಯ ಗಣಿತ ಪರೀಕ್ಷೆ ಇನ್ನು ಮೇಲೆ ರಾಜ್ಯದಾದ್ಯಂತ ಕಂಪ್ಯೂಟರಿನಲ್ಲೇ. ಮಕ್ಕಳನ್ನು ಕೂರಿಸುವ ಮೊದಲು ಮೇಷ್ಟ್ರುಗಳು ಕೂತು ಕಲಿಯಬೇಕು. ಅದರಲ್ಲಿ ಪಾಸಿನ ಗೆರೆಯ ಕೆಳಗೆ ಬಿದ್ದ ಮಕ್ಕಳು ನಮ್ಮ ಶಾಲೆ ಬಿಟ್ಟು ಕಾಲುವೆಯಾಚೆಯ ಕಟ್ಟಡಕ್ಕೆ ಹೋಗಬೇಕು. ಅಲ್ಲಿ ಲೆಕ್ಕಕ್ಕಿಂತ ಹೆಚ್ಚಾಗಿ ರಟ್ಟಿನ ಡಬ್ಬಿ ಮಡಿಸುವುದನ್ನು ಕಲಿಸುತ್ತಾರೆ. ಹೋದವರಾರೂ ವಾಪಸ್ ಬಂದದ್ದನ್ನು ನಾನು ಕಂಡಿಲ್ಲ.

ನನಗೆ ಇದು ಬರೀ ನೌಕರಿಯ ಮಾತಾಗಿರಲಿಲ್ಲ. ನನ್ನ ತಮ್ಮನ ಮಗಳು ನನ್ನದೇ ತರಗತಿಯಲ್ಲಿದ್ದಾಳೆ. ತಾಯಿಯಿಲ್ಲದ ಮಗು, ಅಪ್ಪ ಲಾರಿಯ ಮೇಲೆ, ಹಾಗಾಗಿ ಬೆಳೆದದ್ದು ನನ್ನ ಮಡಿಲಲ್ಲೇ. ಮನೆಯಲ್ಲಿ ಅವಳನ್ನು ಮೊಳೆ ಎಂದು ಕರೆಯುತ್ತೇವೆ. ಒಂದು ವಿಷಯ ಅವಳ ತಲೆಗೆ ಇಳಿಯಬೇಕಾದರೆ ಹೊಡೆದೂ ಹೊಡೆದೂ ಕೈ ಸೋಲುತ್ತದೆ, ಇಳಿದ ಮೇಲೆ ಇಕ್ಕಳ ಹಾಕಿ ಎಳೆದರೂ ಬರುವುದಿಲ್ಲ. ಕೂಡುವ ಲೆಕ್ಕ ಅವಳಿಗೆ ಇಳಿದದ್ದು ಹಾಗೆಯೇ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ಅತ್ತು ಕರೆದು, ಕೊನೆಗೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು: "ಮೊದಲು ಬಿಡಿ, ಆಮೇಲೆ ಹತ್ತು."

ತರಬೇತಿ ನಡೆದದ್ದು ಮಕ್ಕಳ ಕಂಪ್ಯೂಟರ್ ಕೋಣೆಯಲ್ಲಿ. ಮಕ್ಕಳ ಕುರ್ಚಿಗಳಾದ್ದರಿಂದ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಕೀಬೋರ್ಡುಗಳ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ತೆಗೆದಿರಲಿಲ್ಲ. ತರಬೇತುದಾರ ನನ್ನ ಮಗನ ವಯಸ್ಸಿನವನು, ಸೌಮ್ಯ, ಮಾತುಮಾತಿಗೂ "ಮೇಡಂ" ಅನ್ನುವವನು. ನಮಗೆಲ್ಲ ಮಾದರಿ ಪರೀಕ್ಷೆ ಕೊಟ್ಟ.

ನನ್ನ ಪಕ್ಕದಲ್ಲಿ ಗಡಿಯಾರ ಮೇಷ್ಟ್ರು. ಮಾತಿಗೊಮ್ಮೆ ಗೋಡೆ ನೋಡುವುದರಿಂದ ಆ ಹೆಸರು. ಸ್ವಲ್ಪ ಹೊತ್ತಿಗೆ ಅವರ ಮುಖ ಅರಳಿತು.

"ಏನೇ ಹೇಳಿ, ಈ ಯಂತ್ರಕ್ಕೆ ಹಿರಿಯರನ್ನ ಕಂಡ್ರೆ ಮರ್ಯಾದೆ ಇದೆ. ಬರ್ತಾ ಬರ್ತಾ ಸುಲಭದ್ದೇ ಕೇಳ್ತಿದೆ."

ತರಬೇತುದಾರ ಬಂದು ಬಗ್ಗಿ ನೋಡಿದ. "ಸಾರ್, ನೀವು ಮುಳುಗ್ತಿದ್ದೀರಿ. ಸರಿ ಉತ್ತರ ಕೊಟ್ರೆ ಮುಂದಿನದು ಕಷ್ಟದ್ದು ಬರುತ್ತೆ. ತಪ್ಪು ಮಾಡಿದ್ರೆ ಸುಲಭದ್ದು. ಎಲ್ಲಿಗೆ ಹೋಗಿ ನಿಲ್ತೀರೋ ಅದೇ ನಿಮ್ಮ ಮಟ್ಟ."

ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಗಡಿಯಾರ ಮೇಷ್ಟ್ರು ಎರಡರ ಮಗ್ಗಿಯವರೆಗೆ ಇಳಿದಿದ್ದರು.

"ಇದನ್ನ ಮಕ್ಕಳಿಗೆ ಹೇಳ್ಬೇಡಿ," ಎಂದ ತರಬೇತುದಾರ. "ಹೆದರ್ಕೋತಾರೆ."

ಆಗಲೇ ನನಗೆ ಇನ್ನೊಂದು ಹೊಳೆದದ್ದು. ಉತ್ತರದ ಚೌಕದಲ್ಲಿ ಅಂಕೆಗಳು ಎಡದಿಂದ ಬಲಕ್ಕೆ ಬೀಳುತ್ತಿದ್ದವು. ನಮಗೇನೋ ಲೆಕ್ಕ ತಲೆಯಲ್ಲೇ ಮುಗಿದಿರುತ್ತದೆ. ಆದರೆ ಮಕ್ಕಳು ಬಲದಿಂದ ಎಡಕ್ಕೆ ಮಾಡುತ್ತ ಬರುತ್ತಾರೆ.

"ಅಲ್ಲಪ್ಪ, ಮಗು ಬಿಡಿ ಅಂಕೆ ಮೊದಲು ಒತ್ತಿದ್ರೆ? ಅರವತ್ತಮೂರು ಹೋಗಿ ಮೂವತ್ತಾರು ಆಗುತ್ತಲ್ಲ?"

ಅವನು ತಾನೇ ಒಂದು ಸಲ ಒತ್ತಿ ನೋಡಿದ. ಯಾರೂ ಇದನ್ನು ಕೇಳಿರಲಿಲ್ಲವೆಂದು ಕಾಣುತ್ತದೆ. "ಹಾಳೆ ಕೊಡ್ತೀವಲ್ಲ ಮೇಡಂ. ಹಾಳೆ ಮೇಲೆ ಮಾಡಿ, ಉತ್ತರ ನೋಡ್ಕೊಂಡು ಒತ್ತಲಿ."

ಸರಿಯೆನಿಸಿತು. ಹಾಗೆಯೇ ಅಭ್ಯಾಸ ಮಾಡಿಸಿದೆ. ಹಾಳೆಯ ಮೇಲೆ ಲೆಕ್ಕ, ಅದನ್ನು ಓದಿ ಟೈಪ್. ಮೊಳೆ ನಾಲಿಗೆ ಹೊರಗೆ ಹಾಕಿಕೊಂಡು ಒಂದೊಂದೇ ಕೀಲಿ ಹುಡುಕಿ ಒತ್ತುತ್ತಿದ್ದಳು. ತಡವಾಗುತ್ತಿತ್ತು, ತಪ್ಪುತ್ತಿರಲಿಲ್ಲ. ನಾನು ಒಳಗೊಳಗೇ ಬೀಗಿದೆ.

ಪರೀಕ್ಷೆಯ ದಿನ ಮಕ್ಕಳೆಲ್ಲ ಕೂತ ಮೇಲೆ ತರಬೇತುದಾರನೇ ಮೇಲ್ವಿಚಾರಕನಾಗಿ ಬಂದ. ನಮ್ಮನ್ನು ಹಿಂದಿನ ಗೋಡೆಗೆ ನಿಲ್ಲಿಸಿದ. ಸೂಚನೆ ಓದಿದ: ಎಲ್ಲೋ ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಹೊರಗೆ ಸಾಗಿಸಿದ್ದರಿಂದ ಹಾಳೆ, ಪೆನ್ಸಿಲ್ ನಿಷೇಧ. ಈ ಗಳಿಗೆಯಿಂದ ಶಿಕ್ಷಕರು ಮಗುವಿನೊಂದಿಗೆ ಮಾತಾಡಿದರೆ ಅಥವಾ ಸನ್ನೆ ಮಾಡಿದರೆ ಆ ಮಗುವಿನ ಪರೀಕ್ಷೆ ರದ್ದು.

ನಾನು ಅವನ ಹತ್ತಿರ ಹೋಗಿ ಪಿಸುಗುಟ್ಟಿದೆ. "ಹತ್ತು ಮೊದಲು ಒತ್ತಿ ಅಂತ ನೀನೇ ಒಂದು ಮಾತು ಹೇಳಪ್ಪ. ಎಲ್ರಿಗೂ ಹೇಳು. ಇದು ಲೆಕ್ಕ ಹೇಳಿಕೊಟ್ಟ ಹಾಗಲ್ಲ."

ಅವನಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲೇ ಕಂಡಿತು. "ಸೂಚನೆಯಲ್ಲಿ ಇಲ್ಲದ್ದು ಓದೋ ಹಾಗಿಲ್ಲ ಮೇಡಂ," ಎಂದು ಕಣ್ಣು ತಗ್ಗಿಸಿದ. "ಕ್ಯಾಮೆರಾ ಇದೆ."

ಮೊಳೆ ನನ್ನ ನೇರಕ್ಕೆ ಮುಂದೆಯೇ ಕೂತಿದ್ದಳು. ತೆರೆಯ ಮೇಲೆ ನಲವತ್ತೇಳು, ಅದರ ಕೆಳಗೆ ಹದಿನಾರು. ಅವಳು ಬೆರಳು ಮಡಿಸಿದಳು. ಏಳೂ ಆರೂ ಹದಿಮೂರು. ಮೂರನ್ನು ಹುಡುಕಿ ಒತ್ತಿದಳು. ದಶಕ ಒಂದನ್ನು ಮರೆಯದ ಹಾಗೆ ಎಡಗೈ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಕೂಡಿ, ಆರನ್ನು ಹುಡುಕಿ ಒತ್ತಿದಳು. ಮೂವತ್ತಾರು. ತೆರೆ ನೋಡು ಪುಟ್ಟಿ, ತಲೆಯೆತ್ತಿ ಒಮ್ಮೆ ನೋಡು ಎಂದು ಮನಸ್ಸಿನಲ್ಲೇ ಬಾಯಿ ಬಡಿದುಕೊಂಡೆ. ಅವಳ ಕಣ್ಣು ಕೀಲಿಗಳ ಮೇಲೆಯೇ ಇತ್ತು. 'ಮುಂದೆ' ಒತ್ತಿದಳು. ಹಿಂದೆ ಹೋಗುವ ಗುಂಡಿಯೇ ಅದರಲ್ಲಿಲ್ಲ.

ಮುಂದಿನದು ಚಿಕ್ಕ ಸಂಖ್ಯೆಗಳದ್ದು. ಅದೂ ತಿರುಗುಮುರುಗು. ಆಮೇಲೆ ಒಂದೇ ಅಂಕೆಯದ್ದು ಬಂತು, ಸರಿ ಮಾಡಿದಳು. ಯಂತ್ರ ಮೇಲೆತ್ತಿ ಮತ್ತೆ ಎರಡಂಕೆ ಕೊಟ್ಟಿತು, ಮತ್ತೆ ಬಿದ್ದಳು. ಎತ್ತುವುದು, ಬೀಳಿಸುವುದು. ಒಂದು ಕೆಮ್ಮು ಕೆಮ್ಮಿದರೆ ತಿರುಗಿ ನೋಡುತ್ತಾಳೆ, ತಿರುಗಿದರೆ ಸನ್ನೆಯೆಂದು ರದ್ದು. ನಾನು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತೆ. ಪಕ್ಕದ ಸಾಲುಗಳಲ್ಲೂ ಅದೇ ಕಥೆ. ಚುರುಕಿನ ಮಕ್ಕಳು ತೆರೆ ನೋಡಿ, ಅಳಿಸಿ, ತಿದ್ದಿಕೊಂಡರು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಕ್ಕಳು ಮುಳುಗಿದರು. ಗಡಿಯಾರ ಮೇಷ್ಟ್ರು ಅವತ್ತು ಗೋಡೆಯ ಕಡೆ ನೋಡಲೇ ಇಲ್ಲ.

ಕೊನೆಯ ಹೊತ್ತಿಗೆ ತೆರೆಯ ಮೇಲೆ ಹಣ್ಣುಗಳ ಚಿತ್ರ ಬಂದಿತ್ತು. ಎಷ್ಟಿವೆ, ಎಣಿಸಿ. ಮೊಳೆಯ ಬೆನ್ನು ನೆಟ್ಟಗಾಯಿತು, ಕಾಲು ಕುರ್ಚಿಯ ಕೆಳಗೆ ಕುಣಿಯತೊಡಗಿತು. ಹಿಂದಿನಿಂದ ಕೆನ್ನೆಯಷ್ಟೇ ಕಾಣುತ್ತಿದ್ದರೂ ನಗುತ್ತಿದ್ದಾಳೆಂದು ತಿಳಿಯಿತು.

ಬಾಗಿಲು ತೆರೆದಾಗ ಎಲ್ಲರಿಗಿಂತ ಮೊದಲು ಓಡಿ ಬಂದಳು. ಶಾಲೆಯಲ್ಲಿ ಟೀಚರ್ ಅನ್ನಬೇಕೆಂಬುದನ್ನೂ ಮರೆತು ನನ್ನ ಸೊಂಟ ತಬ್ಬಿಕೊಂಡಳು.

"ಅತ್ತೆ, ಎಲ್ಲಾ ಬಂತು! ಮೊದಮೊದಲು ಕಷ್ಟ ಇತ್ತು, ಆಮೇಲೆ ಎಷ್ಟು ಸುಲಭ ಆಯ್ತು ಗೊತ್ತಾ! ಹಾಳೆ ಇಲ್ದಿದ್ರೂ ನಾನು ಹೆದರ್ಲಿಲ್ಲ. ನೀನು ಹೇಳಿಕೊಟ್ಟಿದ್ದನ್ನ ಒಂದ್ಸಲಾನೂ ಮರೀಲಿಲ್ಲ. ಮೊದಲು ಬಿಡಿ, ಆಮೇಲೆ ಹತ್ತು."

ತರಬೇತುದಾರ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ನಾನು ಅವಳ ತಲೆ ಸವರಿ, "ಭೇಷ್," ಎಂದೆ.