ನಡುಗುವ ಚಿತ್ರ

ಬದಲಾಪುರದಲ್ಲಿ ಕಟ್ಟುತ್ತಿದ್ದ ಹೊಸ ಕಟ್ಟಡದ ಬಿ ವಿಂಗ್ ಮೇಲೆ ಹೋದರೆ ಡ್ರೋನ್ ನಡುಗುತ್ತದೆ ಎಂಬ ಸುದ್ದಿ ಕೂಲಿಗಳಲ್ಲಿ ಬಾಯಿಂದ ಬಾಯಿಗೆ ಹರಡಿ, ಕೊನೆಗೆ ಅದನ್ನು ಹಾರಿಸುವ ರಿತೇಶನ ಕಿವಿಗೂ ಬಿತ್ತು. ಹೇಳಿದವನು ಕೂಲಿಗಳ ಮೇಸ್ತ್ರಿ, ಮುಕಾದಮ ಅಂಬಾರಾಯ, ಕಲಬುರಗಿ ಕಡೆಯವನು.

"ನಮ್ಮ ಮಾಪಣ್ಣ ಬಿದ್ದು ಸತ್ತ ಜಾಗಾ ಅದು. ನಿಮ್ಮ ಮಷಿನಿಗೂ ಗೊತ್ತಾಗ್ಯಾದ್ರೀ. ಮಂದಿ ಆ ಕಡಿ ಹೋಗಲ್ಲ ಅಂತ ಕುಂತಾರ."

"ಹಾಗೆಲ್ಲ ಏನಿಲ್ಲ ಮಾರಾಯ್ರೆ, ಗಾಳಿ ಇರ್ಬೇಕು," ಎಂದು ರಿತೇಶ ನಕ್ಕ. ಉಡುಪಿಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲ್ ಇಟ್ಟವರ ಮಗ ಅವನು. ಕಟ್ಟಡ ಎಲ್ಲಿಯವರೆಗೆ ಎದ್ದಿದೆ ಎಂದು ಫ್ಲ್ಯಾಟ್ ಕೊಂಡವರಿಗೆ ತೋರಿಸಲು ಬಿಲ್ಡರ್ ಅವನಿಂದ ಪ್ರತಿ ತಿಂಗಳೂ ವಿಡಿಯೊ ತೆಗೆಸುತ್ತಿದ್ದ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗ ಮಾತ್ರ ಅವನಿಗೆ ನಗು ಬರಲಿಲ್ಲ. ಎ ವಿಂಗ್‌ನ ಕಿಟಕಿಗಳು ಗೆರೆ ಎಳೆದಂತೆ ನೆಟ್ಟಗಿದ್ದವು. ಕ್ಯಾಮೆರಾ ಬಿ ವಿಂಗ್‌ಗೆ ತಿರುಗಿದ್ದೇ ತಡ, ಇಡೀ ಚಿತ್ರ ಕುದಿಯುವ ನೀರಿನಾಚೆ ಕಂಡಂತೆ ಅಲುಗತೊಡಗಿತು. ಕಂಬಗಳು ಹಾವಿನ ಹಾಗೆ ಬಳುಕಿದವು.

ಮರುದಿನ ಮತ್ತೆ ಹೋದವನು ಕ್ರಮ ಬದಲಿಸಿದ. ಮೊದಲು ಬಿ ವಿಂಗ್, ಆಮೇಲೆ ಎ. ಈ ಸಲ ನಡುಗಿದ್ದು ಎ ವಿಂಗ್! ಅಂದರೆ ನಡುಕ ಜಾಗದ್ದಲ್ಲ, ಹಾರಾಟದ ಕೊನೆಯದು. ಬಿಸಿಯಾದ ಮೇಲೆ ಯಾವುದೋ ಮೋಟರ್ ತಪ್ಪುತ್ತಿದೆ. ಸೈಟ್ ಆಫೀಸಿನ ಮೇಜಿನ ಮೇಲೆ ಡ್ರೋನ್ ಇಟ್ಟು, ರೆಕ್ಕೆಗಳನ್ನು ಕಳಚಿ, ಬರಿಯ ಮೋಟರ್‌ಗಳನ್ನು ಓಡಿಸಿ ಒಂದೊಂದು ತೋಳಿಗೂ ಬೆರಳು ತಾಗಿಸಿ ನೋಡಿದ. ಹಿಂದಿನ ಎಡತೋಳು ಜ್ವರ ಬಂದ ಮೈಯಂತೆ ಅದುರುತ್ತಿತ್ತು. ನಿಲ್ಲಿಸಿ ಕೈಯಿಂದ ತಿರುಗಿಸಿದರೆ ಒಳಗೆ ಕರಕರ ಸದ್ದು. ಸಿಮೆಂಟಿನ ಧೂಳು ಹೊಕ್ಕು ಬೇರಿಂಗ್ ಸವೆದಿತ್ತು. ಮೋಟರ್ ಬದಲಿಸಿದ, ಕ್ಯಾಮೆರಾ ಹಿಡಿದಿದ್ದ ಹಳೆಯ ರಬ್ಬರ್ ಗುಂಡಿಗಳನ್ನೂ ಬದಲಿಸಿದ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಬಾರಾಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಾರಿಸಿದ. ರಿಮೋಟ್‌ನ ಪರದೆಯಲ್ಲಿ ಚಿತ್ರ ಕನ್ನಡಿಯಂತೆ ನಿಂತಿತು. ಎ ವಿಂಗ್ ದಾಟಿ ಬಿ ವಿಂಗ್‌ನ ಮೇಲಿನ ಸ್ಲ್ಯಾಬ್ ಬಂತು. ಅದರ ಅಂಚಿನಲ್ಲಿ, ಸೀರೆಯ ಮೇಲೆ ಗಂಡಸಿನ ಅಂಗಿ ತೊಟ್ಟ ಹೆಂಗಸೊಬ್ಬಳು ನಿಂತು ನೇರ ಕ್ಯಾಮೆರಾವನ್ನೇ ದಿಟ್ಟಿಸುತ್ತಿದ್ದಳು.

ರಿತೇಶ ಪರದೆಯನ್ನು ಅಂಬಾರಾಯನತ್ತ ತಿರುಗಿಸಿದ.

"ಮರಗಮ್ಮ," ಅಂದ ಅಂಬಾರಾಯ ಮೆಲ್ಲಗೆ. "ಮಾಪಣ್ಣನ ಹೆಂಡ್ತಿ."

ಡ್ರೋನ್ ಇಳಿಸಿ ಇಬ್ಬರೂ ಮೆಟ್ಟಿಲು ಹತ್ತಿ ಓಡಿದರು. ಅಂಚಿಗೆ ಕಟಕಟೆಯಿರಲಿ, ಒಂದು ಹಗ್ಗವೂ ಇರಲಿಲ್ಲ. ಅವಳು ತಿರುಗಿ ನೋಡಿದಳು.

"ಅಂಜಬ್ಯಾಡ್ರಿ. ನಾ ಬೀಳ್ಲಾಕ ಬಂದಿಲ್ಲ. ಆ ಮಷಿನ್ ನಮ್ಮವನ್ನ ಕಂಡು ನಡುಗ್ತದ ಅಂತ ಎಲ್ಲಾರೂ ಅಂದ್ರು. ಅದಕ್ಕ ನಾನೂ ಬಂದು ನಿಂತೀನಿ." ಅವಳ ದನಿ ಇಳಿಯಿತು. "ಇವತ್ತ ನಡುಗ್ಲೇ ಇಲ್ಲಂತ ಕೆಳಗ ಕೂಗ್ಲತ್ತಿದ್ರು. ಅಂವ ಹೋಗಿಬಿಟ್ನೇನ್ರೀ?"

ರಿತೇಶ ಅಂಚಿಗೂ ಅವಳಿಗೂ ನಡುವೆ ಬಂದು ನಿಂತ. ಅಂಬಾರಾಯ ಅವಳ ಕೈ ಹಿಡಿದು ಕೆಳಗೆ ಕರೆದೊಯ್ದ.

ಸೈಟಿನ ಇಂಜಿನಿಯರ್‌ಗೆ ರಿತೇಶ ಆ ಸ್ಪಷ್ಟ ಚಿತ್ರವನ್ನೇ ತೋರಿಸಿ, "ಅಂಚಿಗೆ ಕಟಕಟೆ ಹಾಕಿಸಿ ಸರ್, ಇಲ್ಲದಿದ್ರೆ ಇದನ್ನೇ ಫ್ಲ್ಯಾಟ್‌ನವರಿಗೆ ಕಳಿಸ್ತೇನೆ," ಎಂದ. ಆ ವಾರವೇ ಅಂಚಿನುದ್ದಕ್ಕೂ ಪೈಪಿನ ಕಟಕಟೆ ಕಟ್ಟಿದರು. ದೆವ್ವವಲ್ಲ, ಮೋಟರ್ ಎಂದು ತಿಳಿದ ಕೂಲಿಗಳು ಬಿ ವಿಂಗ್‌ಗೆ ಮರಳಿದರು.

ಆದರೆ ರಿತೇಶನಿಗೆ ನೆಮ್ಮದಿಯಿರಲಿಲ್ಲ. ನಡುಕ ಎಂದು ಶುರುವಾಯಿತು ಎಂದು ಹಳೆಯ ವಿಡಿಯೊಗಳನ್ನು ತೆರೆದು ನೋಡಿದ. ಮಾಪಣ್ಣ ಬೀಳುವುದಕ್ಕೆ ಹಿಂದಿನ ತಿಂಗಳೇ ಬಿ ವಿಂಗ್ ನಡುಗಿತ್ತು. ಆಗ ಯಾರೂ ಗಮನಿಸಿರಲಿಲ್ಲ. ಅದೇ ಅಂಚಿನಲ್ಲಿ ತಲೆಗೆ ಟವೆಲ್ ಸುತ್ತಿದ ಒಬ್ಬ ಕಬ್ಬಿಣದ ಸರಳು ಕಟ್ಟುತ್ತ ಕೂತಿದ್ದ.

ಅದನ್ನು ಮರಗಮ್ಮನಿಗೆ ತೋರಿಸದೆ ಇರಲಾಗಲಿಲ್ಲ. ಕೂಲಿಗಳ ತಗಡಿನ ಶೆಡ್ಡಿನ ಮುಂದೆ ಕೂತು ಅವಳು ಅವನ ಫೋನನ್ನು ಮುಖದ ಹತ್ತಿರ ಹಿಡಿದಳು.

"ಇಂವನೇ. ನಮ್ಮವ." ತುಂಬ ಹೊತ್ತು ನೋಡಿದಳು. "ನಡುಗ್ಲತ್ತಾನಲ್ರೀ! ಥಂಡಿ ಹತ್ಯಾದೇನು?"

"ಅದು ಮಷಿನ್ ನಡುಗಿದ್ದಮ್ಮ. ಅವರಲ್ಲ."

"ಮಷಿನ್ ರಿಪೇರಿ ಮಾಡೀರಂತಲ್ಲ. ಇಂವನ್ನೂ ರಿಪೇರಿ ಮಾಡ್ರಿ."

ರಿತೇಶ ಕಂಪ್ಯೂಟರ್ ಮುಂದೆ ಕೂತು ವಿಡಿಯೊದ ನಡುಕ ತೆಗೆಯಲು ಪ್ರಯತ್ನಿಸಿದ. ಕಂಬಗಳು ನಿಂತವು, ಗೋಡೆ ನಿಂತಿತು. ಕೂತವನ ಮುಖ ಮಾತ್ರ ಮೇಣದಂತೆ ಕರಗಿ ಹರಡಿಹೋಯಿತು. ಎಷ್ಟು ಸಲ ಮಾಡಿದರೂ ಹಾಗೆಯೇ. ಕೊನೆಗೆ ನಡುಗುವ ವಿಡಿಯೊವನ್ನೇ ಅವಳ ಫೋನಿಗೆ ಹಾಕಿಕೊಟ್ಟ.

ಮುಂದಿನ ತಿಂಗಳು ಹೋದಾಗ ಮರಗಮ್ಮ ಇರಲಿಲ್ಲ. ಬೇಲಾಪುರದ ಕಡೆ ಇನ್ನೊಂದು ಕೆಲಸಕ್ಕೆ ಹೋದಳೆಂದು ಅಂಬಾರಾಯ ಹೇಳಿದ.

"ಅದು ಮೋಟರಿಂದ ಅಂತ ನೀವು ಸರಿಯಾಗಿ ಹೇಳಿದ್ರಾ ಅವರಿಗೆ?"

"ಹೇಳ್ದೆ. 'ಅವತ್ತೇ ಅಂಜಿ ನಡುಗ್ಲತ್ತಿದ್ದ, ನಂಗ ಒಂದ್ ಮಾತ್ ಹೇಳ್ಲಿಲ್ಲ' ಅಂತಾಳ." ಅಂಬಾರಾಯ ತಂಬಾಕು ತಿಕ್ಕುವುದನ್ನು ನಿಲ್ಲಿಸಿದ. "ಮಲಗೋ ಮುಂದ ಆ ಫೋನಿಗಿ ಕೌದಿ ಹೊದಸ್ತಾಳ್ರಿ."

ರಿತೇಶ ರಿಮೋಟ್ ಎತ್ತಿಕೊಂಡ. ಡ್ರೋನ್ ಮೇಲಕ್ಕೇರಿತು. ಬಿ ವಿಂಗ್‌ನ ಅಂಚಿನಲ್ಲಿ ಹೊಸ ಪೈಪು ಬಿಸಿಲಿಗೆ ಹೊಳೆಯುತ್ತಿತ್ತು. ಅಲ್ಲಿ ಯಾರೂ ಇರಲಿಲ್ಲ. ಆದರೂ ಅವನು ಬ್ಯಾಟರಿ ಕೆಂಪಾಗುವವರೆಗೂ ಕ್ಯಾಮೆರಾವನ್ನು ಅಲ್ಲಿಂದ ತಿರುಗಿಸಲಿಲ್ಲ.