ಸುಕ್ಕಿನ ಸಾಕ್ಷಿ

ಗುರುತಿನ ಚೀಟಿ ಕಚೇರಿಯ ಗೇಟಿನ ಎದುರಿಗೇ ಫೋಟೋ ಮಾಮನ ಸ್ಟುಡಿಯೋ. ಸ್ಟುಡಿಯೋ ಅನ್ನುವುದು ಬೋರ್ಡಿನ ಮಾತು. ಒಳಗಿದ್ದದ್ದು ಒಂದು ಸ್ಟೂಲು, ಒಂದು ಬಿಳಿ ಪರದೆ, ಒಂದು ಕಂಪ್ಯೂಟರು, ಮತ್ತು ಮಾಮ ಹೊಟ್ಟೆ ಒಳಗೆಳೆದುಕೊಂಡರೆ ಓಡಾಡುವಷ್ಟು ಜಾಗ. ಫೋಟೋ ತೆಗೆಸಲು ಬಂದವರು "ಹಾಗೇ ಈ ಫಾರಂ ಒಂದು..." ಎಂದು ತಲೆ ಕೆರೆದುಕೊಳ್ಳುತ್ತಿದ್ದರು. ಮಾಮ ಕನ್ನಡಕ ಏರಿಸಿ ತುಂಬಿಕೊಡುತ್ತಿದ್ದ. ಗುರುತೇ ಇಲ್ಲದ ಎಷ್ಟೋ ಜನರಿಗೆ ಹೀಗೆ ಗುರುತು ಕೊಡಿಸಿದ್ದ. ತಾನು ತುಂಬಿದ ಫಾರಂ ಇವತ್ತಿನವರೆಗೆ ಒಂದೂ ವಾಪಸ್ ಬಂದಿಲ್ಲ ಎಂಬ ಜಂಬ ಅವನಿಗೆ ಇತ್ತು. ಆ ಜಂಬವನ್ನು ಎಲ್ಲರಿಗೂ ಪುಕ್ಕಟೆಯಾಗಿ ಹಂಚುತ್ತಲೂ ಇದ್ದ.

ಆ ಸೋಮವಾರ ಮಧ್ಯಾಹ್ನ ಇಬ್ಬರು ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬಂದರು. ಒಬ್ಬಾಕೆ ಶಾಲೆಯಲ್ಲಿ ಆಯಾ. ನೀಲಿ ಮೇಲಂಗಿ, ಜೇಬಿನಲ್ಲಿ ಸೀಟಿ. ಇನ್ನೊಬ್ಬಾಕೆ ಮೂಲೆಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಇಸ್ತ್ರಿಯಮ್ಮ. ಅವಳ ಎಡಗಣ್ಣಿಗೆ ಪೊರೆ ಬಂದು ಆಗಲೇ ಹೋಗಿತ್ತು, ಬಲಗಣ್ಣೂ ಅದೇ ದಾರಿ ಹಿಡಿದಿತ್ತು. ಹಿಂದಿನ ವಾರ ಗಿರಾಕಿಯೊಬ್ಬರು ಬಟ್ಟೆಯ ಗಂಟಿನ ಮೇಲೆ ಮರೆತು ಹೋದ ದಿನಪತ್ರಿಕೆಯನ್ನು ನೀರು ಚಿಮುಕಿಸಿ, ಇಸ್ತ್ರಿ ಹಾಕಿ, ನೀಟಾಗಿ ಮಡಚಿ ಕೊಟ್ಟಿದ್ದಳು.

"ದೊಡ್ಡಾಸ್ಪತ್ರೇಲಿ ಕಣ್ಣಿನ ಆಪರೇಷನ್ನು ಪುಕ್ಕಟೆ ಮಾಡ್ತಾರಂತೆ," ಎಂದಳು ಆಯಾ. "ಶುಕ್ರವಾರ ಪಟ್ಟಿ ಮುಚ್ಚಿಬಿಡ್ತಾರೆ. ಇನ್ನು ತಡ ಮಾಡಿದ್ರೆ ಈ ಕಣ್ಣೂ ಉಳಿಯಲ್ಲ ಅಂದ್ರು ಡಾಕ್ಟರು. ಕಾರ್ಡಿಲ್ಲದೆ ಒಳಗೇ ಬಿಡಲ್ಲವಂತೆ. ಅಕ್ಕನ ಹತ್ರ ಕಾರ್ಡಿಲ್ಲ."

"ಇಷ್ಟು ದಿನ ಯಾಕೆ ಮಾಡಿಸಲಿಲ್ಲಮ್ಮ?" ಮಾಮ ಇಸ್ತ್ರಿಯಮ್ಮನನ್ನು ಕೇಳಿದ.

"ನಮ್ಮ ಅಕ್ಕನ ಹತ್ರ ಒಂದು ಇತ್ತಲ್ಲ ಸಾರ್. ಮನೆಗೊಂದು ಸಾಕು ಅಂದ್ಕೊಂಡಿದ್ದೆ, ಬೀಗದ ಥರ."

ಮಾಮನ ಪೆನ್ನು ನಿಂತಿತು. "ತಡೀರಿ. ನಿಮ್ಮಲ್ಲಿ ಅಕ್ಕ ಯಾರು?"

ಇಬ್ಬರೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ತೋರಿಸಿದರು.

ಮಾಮ ಈ ಅಂಗಡಿಯಲ್ಲಿ ಎಷ್ಟೋ ವಿಚಿತ್ರ ಕಂಡಿದ್ದ. ಹೆಂಡತಿಯ ಹೆಸರು ನೆನಪಿಗೆ ಬಾರದೆ ಮನೆಗೆ ಓಡಿಹೋಗಿ ಕೇಳಿಕೊಂಡು ಬಂದ ಗಂಡನನ್ನೂ ಕಂಡಿದ್ದ. ಆದರೆ ಇಬ್ಬರೂ ತಂಗಿಯರೇ ಆಗಿರುವ ಅಕ್ಕತಂಗಿಯರನ್ನು ಕಂಡಿರಲಿಲ್ಲ. ಆಯಾಳ ಕಾರ್ಡು ತೆಗೆದು ನೋಡಿದ: ವಯಸ್ಸು ಐವತ್ತೈದು. ಇಸ್ತ್ರಿಯಮ್ಮನಿಗೆ ಸುಮಾರು ಐವತ್ತೊಂಬತ್ತು ಎಂದು ಆಯಾಳೇ ಹೇಳಿದಳು. ಲೆಕ್ಕ ಸರಿಹೋಯಿತು. ಇಸ್ತ್ರಿಯಮ್ಮ ದೊಡ್ಡವಳು ಎಂದು ಬರೆದುಕೊಂಡ. ಬರೆಯುವಾಗ ಇಸ್ತ್ರಿಯಮ್ಮ ಒಮ್ಮೆ ಕೆಮ್ಮಿದಳು, ಆಯಾ ಅವಳ ಕೈ ಹಿಸುಕಿದಳು. ಮಾಮ ಅದನ್ನು ಕಂಡೂ ಕಾಣದವನಂತೆ ಇದ್ದುಬಿಟ್ಟ. ಅವನ ತಪ್ಪು ಅಲ್ಲಿಂದಲೇ ಶುರುವಾಯಿತು.

ಕಚೇರಿಯಲ್ಲಿ ಮೂರನೇ ಕಿಟಕಿಯ ಮೇಡಂ ಕೂದಲು ಸೀಳುವುದರಲ್ಲಿ ಹೆಸರಾದವರು. ಫಾರಂ ನೋಡಿ ಮೂಗಿನ ಮೇಲೆ ಕನ್ನಡಕ ಜಾರಿಸಿದರು.

"ಹುಟ್ಟಿದ ದಾಖಲೆ?"

"ಇಲ್ಲ ಮೇಡಂ. ಇಟ್ಟಿಗೆ ಗೂಡಿನಲ್ಲಿ ಹುಟ್ಟಿದವರು. ತಾಯಿ ಅಲ್ಲಿ ಇಟ್ಟಿಗೆ ಹೊರ್ತಾ ಇದ್ರಂತೆ," ಎಂದ ಮಾಮ.

"ಹಾಗಿದ್ರೆ ಸಾಕ್ಷಿ ಬೇಕು. ಇವರು ಹುಟ್ಟಿದ್ದನ್ನ ಕಣ್ಣಾರೆ ಕಂಡವರು, ಕಾರ್ಡು ಇರೋರು, ಆವಾಗ ಕನಿಷ್ಠ ಐದು ವರ್ಷ ಆಗಿದ್ದೋರು."

"ಇವರು ಒಡಹುಟ್ಟಿದವರು, ಕಾರ್ಡಿದೆ," ಎಂದು ಮಾಮ ಆಯಾಳನ್ನು ಮುಂದೆ ತಳ್ಳಿದ.

ಮೇಡಂ ಎರಡು ವಯಸ್ಸನ್ನೂ ನೋಡಿದರು. "ಅಂದ್ರೆ ಇವರು ಹುಟ್ಟೋದಕ್ಕೆ ನಾಲ್ಕು ವರ್ಷ ಮುಂಚೆ ಆದದ್ದನ್ನ ಕಣ್ಣಾರೆ ಕಂಡಿದ್ದಾರೆ. ಎಲ್ಲಿಂದ ನೋಡ್ತಾ ಇದ್ರಂತೆ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಫಾರಂ ವಾಪಸ್ ಬಂತು. ಫೋಟೋ ಮಾಮನ ಜೀವಮಾನದ ಮೊದಲ ವಾಪಸಾತಿ. ಅವನು ಅದನ್ನು ಜೇಬಿಗೆ ತುರುಕಿಕೊಂಡು, ಯಾರಿಗೂ ಮುಖ ತೋರಿಸದೆ ರಸ್ತೆ ದಾಟಿದ.

ಸ್ಟುಡಿಯೋದಲ್ಲಿ ಆಯಾಳನ್ನು ಬೆಳಕಿನ ಕೆಳಗೆ ಕೂರಿಸಿ ದಿಟ್ಟಿಸಿದ. ನಲವತ್ತು ವರ್ಷ ಮುಖಗಳನ್ನೇ ನೋಡಿದವನು. ಐವತ್ತೈದರ ಮುಖ ಅದಾಗಿದ್ದರೆ ತಾನು ಅಂಗಡಿ ಮುಚ್ಚಬೇಕು ಎಂದುಕೊಂಡ.

"ನಿಜ ಹೇಳಿ ತಾಯಿ. ಎಷ್ಟು ಕತ್ತರಿಸಿದ್ದೀರಿ? ನನ್ನ ಹತ್ರ ಎಂಥೆಂಥವರೋ ಬರ್ತಾರೆ, ಒಬ್ರು ಐದು ವರ್ಷ ಇಳಿಸ್ತಾರೆ, ಒಬ್ರು ಹತ್ತು. ಚೆಲುವೆ ಆಗಿ ಕಾಣೋ ಆಸೆ ಯಾರಿಗಿಲ್ಲ! ಆದ್ರೆ ಒಡಹುಟ್ಟಿದವಳ ಕಣ್ಣಿಗಿಂತ ಅದು ಹೆಚ್ಚಾ?"

ಆಯಾ ಎದ್ದಳು. ಮುಖ ಕೆಂಪಗೆ ಕಾದಿತ್ತು. "ಶಾಲೆ ಬಿಡೋ ಹೊತ್ತಾಯ್ತು, ಮಕ್ಕಳನ್ನ ಬಸ್ಸು ಹತ್ತಿಸಬೇಕು," ಎಂದು ಹೊರಟೇಬಿಟ್ಟಳು.

"ನೀವು ಹಾಗನ್ನಬಾರದಿತ್ತು ಸಾರ್," ಎಂದಳು ಇಸ್ತ್ರಿಯಮ್ಮ ಸ್ಟೂಲನ್ನು ತಡವಿ ಕೂರುತ್ತಾ. "ಅಕ್ಕನಿಗೆ ಈಗ ಅರವತ್ತೇಳು. ಹನ್ನೆರಡು ವರ್ಷದ ಹಿಂದೆ ನನ್ನ ಗಂಡ ಹೋದ, ಮನೇಲಿ ಒಲೆ ಉರೀಲಿಲ್ಲ. ಶಾಲೆಯವರು ನಲವತ್ತೈದು ದಾಟಿದವರನ್ನ ತಗೊಳ್ಳಲ್ಲ ಅಂದ್ರು. ಇವಳು ನಲವತ್ತಮೂರು ಅಂದಳು. ಕಾರ್ಡಿನವರು ಬಂದಾಗಲೂ ಅದನ್ನೇ ಬರೆಸಿದಳು. ಜನ ಅನುಮಾನ ಪಡಬಾರದು ಅಂತ ಆವತ್ತಿಂದ ನನ್ನನ್ನ ಅಕ್ಕ ಅನ್ನೋಕೆ ಶುರು ಮಾಡಿದಳು. ನನಗೆ ಬಾಯಿ ತಿರುಗಲಿಲ್ಲ, ನಾನೂ ಅಕ್ಕ ಅಂತಾನೇ ಇದ್ದೀನಿ. ಅಲ್ಲಿ ಅರವತ್ತಕ್ಕೆ ಮನೆಗೆ ಕಳಿಸ್ತಾರೆ. ನಿಜ ಬರೆಸಿದ ದಿನವೇ ಕೆಲಸ ಹೋಗುತ್ತೆ. ಅವಳ ಸಂಬಳದಲ್ಲೇ ನಾವಿಬ್ರೂ ಊಟ ಮಾಡೋದು."

ಮಾಮನಿಗೆ ನಾಚಿಕೆಯಾಯಿತು. ಚೆಲುವೆ ಅಂದ ನಾಲಿಗೆಯನ್ನು ಕಚ್ಚಿಕೊಂಡ.

"ಬಿಡಿ ಸಾರ್, ಕಣ್ಣಿಲ್ಲದೆ ನಡೆಯುತ್ತೆ," ಎಂದಳು ಅವಳು. "ಸುಟ್ಟ ವಾಸನೆ ಬರೋಕೆ ಮುಂಚೆ ಇಸ್ತ್ರಿ ಎತ್ತೋದು, ಅಷ್ಟೇ ತಾನೆ?"

ಅಷ್ಟೇ ಅಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವಳ ಎಡಗೈ ತುಂಬ ಬೊಬ್ಬೆಗಳಿದ್ದವು.

ಆಯಾಳ ಕೆಲಸವೂ ಉಳಿಯಬೇಕು, ಇಸ್ತ್ರಿಯಮ್ಮನ ಕಣ್ಣೂ ಉಳಿಯಬೇಕು. ಅದಕ್ಕೆ ಬೇರೆ ಸಾಕ್ಷಿ ಬೇಕು. ಮಾಮ ಮೂರು ದಿನ ಅಂಗಡಿಗೆ ಬೀಗ ಹಾಕಿ ಊರೆಲ್ಲ ಜಾಲಾಡಿದ. ಗೂಡಿನ ಯಜಮಾನ ತೀರಿಹೋಗಿದ್ದ, ಸೂಲಗಿತ್ತಿಯೂ ತೀರಿಹೋಗಿದ್ದಳು. ಕೊನೆಗೆ ಗೂಡಿನ ಹಳೆಯ ಕಾವಲುಗಾರ ಸಿಕ್ಕಿದ. ಎಂಬತ್ತು ದಾಟಿದ್ದರೂ ನೆನಪು ಗಟ್ಟಿ, ಕಾರ್ಡೂ ಇತ್ತು. "ಆ ದಿನ ನನಗೆ ಚೆನ್ನಾಗಿ ನೆನಪಿದೆ," ಎಂದ. ಮಾಮ ಹೆಚ್ಚು ಕೇಳಲಿಲ್ಲ. ಸಂತೋಷದಲ್ಲಿ ಅವನನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಗುರುವಾರ ಕಿಟಕಿಗೆ ತಂದ.

"ಇವರು ಹುಟ್ಟಿದ ದಿನ ನೀವು ಅಲ್ಲಿದ್ರಾ?" ಮೇಡಂ ಕೇಳಿದರು.

"ಇದ್ದೆ. ಬೆಳಗಿನ ಜಾವದಿಂದ ಅಲ್ಲೇ ಇದ್ದೆ. ಬಹಳ ಕಷ್ಟದ ಹೆರಿಗೆ. ನಾವು ನಾಲ್ಕು ಜನ ಹಿಡ್ಕೊಂಡಿದ್ವಿ."

"ನಾಲ್ಕು ಜನ ಗಂಡಸರು?"

"ಇನ್ನೇನು, ಒದೆಯೋದು ಅಂದ್ರೆ ಸಾಮಾನ್ಯವೇ? ಕಾಲು ಮುಂದಾಗಿ ಬಂತು. ಹಣೆ ಮೇಲೆ ಬಿಳಿ ಮಚ್ಚೆ. ಅರ್ಧ ಗಂಟೇಲಿ ಎದ್ದು ನಿಂತುಬಿಡ್ತು!"

ಮೇಡಂ ಪೆನ್ನು ಕೆಳಗಿಟ್ಟರು. "ನೀವು ಯಾರ ಬಗ್ಗೆ ಹೇಳ್ತಾ ಇದ್ದೀರಿ?"

"ನಮ್ಮ ಕತ್ತೆ," ಎಂದ ಕಾವಲುಗಾರ. "ಅದೇ ದಿನ ಆಚೆ ಗುಡಿಸಲಲ್ಲಿ ಒಂದು ಹೆಣ್ಣು ಮಗುನೂ ಆಯ್ತು ಅಂದ್ರು. ಅದನ್ನ ನಾನು ನೋಡಲಿಲ್ಲ, ಪುರುಸೊತ್ತೆಲ್ಲಿತ್ತು?"

ಸಾಲು ಮತ್ತೆ ಬಿದ್ದು ಬಿದ್ದು ನಕ್ಕಿತು. ಇಸ್ತ್ರಿಯಮ್ಮನೂ ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ಮೇಡಂ ಅದನ್ನು ನೋಡಿದರು, ಆದರೆ ಫಾರಂ ಮಾತ್ರ ಎರಡನೇ ಸಲ ವಾಪಸ್ ಬಂತು.

ಶುಕ್ರವಾರ ಕಚೇರಿ ಬಾಗಿಲು ತೆರೆಯುವ ಹೊತ್ತಿಗೆ ಆಯಾ ಸಾಲಿನ ಮೊದಲಿಗೆ ನಿಂತಿದ್ದಳು, ಪಕ್ಕದಲ್ಲಿ ಇಸ್ತ್ರಿಯಮ್ಮ. ಹಿಂದೆ ನಿಂತವರಲ್ಲಿ ಅವಳ ಶಾಲೆಯ ಮಕ್ಕಳ ತಾಯಂದಿರೇ ಇಬ್ಬರು. ಮಾಮ ಓಡಿಬಂದು ಪಿಸುಗುಟ್ಟಿದ: "ಯೋಚನೆ ಮಾಡಿದ್ದೀರಾ?"

"ನಾಲ್ಕು ರಾತ್ರಿ ಮಾಡಿದ್ದು ಅದನ್ನೇ," ಎಂದಳು ಆಯಾ. ಆಮೇಲೆ ಕಿಟಕಿಗೆ ತಿರುಗಿ, ಮಕ್ಕಳನ್ನು ಸಾಲು ನಿಲ್ಲಿಸುವ ದನಿಯಲ್ಲೇ ಶುರು ಮಾಡಿದಳು.

"ಬರ್ಕೊಳ್ಳಿ ಮೇಡಂ. ನನಗೆ ಎಂಟು ವರ್ಷ. ಅಮ್ಮ ಇಟ್ಟಿಗೆ ಹೊರ್ತಾ ಇದ್ದವಳು ಬುಟ್ಟಿ ಇಳಿಸಿ ಗೂಡಿನ ಹಿಂದೆ ಹೋಗಿ ಮಲಗಿದಳು. ಸೂಲಗಿತ್ತಿ ಬರೋ ಹೊತ್ತಿಗೆ ಇವಳು ಆಗಲೇ ನನ್ನ ಮಡಿಲಲ್ಲಿದ್ದಳು. ಅಳಲಿಲ್ಲ. ನಾನು ಹೆದರಿ ಒಂದು ಏಟು ಹಾಕಿದೆ, ಅತ್ತಳು. ಮೈಯೆಲ್ಲ ಇಟ್ಟಿಗೆ ಪುಡಿ, ಕೆಂಪಗೆ. ತೊಳೆದರೂ ಎರಡು ದಿನ ಹೋಗಲಿಲ್ಲ. ಇವಳನ್ನ ಎಲ್ಲರಿಗಿಂತ ಮೊದಲು ಕಂಡವಳು ನಾನು. ಇವಳು ನನ್ನ ತಂಗಿ."

ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ.

"ಕಾರ್ಡಿನಲ್ಲಿ ಐವತ್ತೈದು ಇದೆಯಲ್ಲಮ್ಮ."

"ಕಾರ್ಡು ಸುಳ್ಳು. ಬರೆಸಿದವಳು ನಾನೇ. ಅರವತ್ತೇಳು."

"ತಿದ್ದಿದ್ರೆ ನೀವು ಕೆಲಸ ಮಾಡೋ ಕಡೆಗೂ ಕಾಗದ ಹೋಗುತ್ತೆ. ಅದು ನಿಯಮ."

"ಗೊತ್ತು. ನಿಧಾನವಾಗಿ ಹೋಗಲಿ, ಅವಸರ ಏನಿಲ್ಲ."

ಮೇಡಂ ಮೊದಲ ಬಾರಿಗೆ ತುಟಿಯಂಚಿನಲ್ಲಿ ನಕ್ಕರು. "ಸರಿ. ಹನ್ನೆರಡು ಗಂಟೆ ಒಳಗೆ ಹೊಸ ಫೋಟೋ ಹಚ್ಚಿ ತಿದ್ದುಪಡಿ ಅರ್ಜಿ ತನ್ನಿ. ಎರಡೂ ಇವತ್ತೇ ಮಾಡಿಕೊಡ್ತೀನಿ."

ಮಾಮ ಗಾಳಿಯಂತೆ ಹೋಗಿ ಫೋಟೋ ತೆಗೆದು, ಫಾರಂ ತುಂಬಿ, ಗಾಳಿಯಂತೆ ಬಂದ. ಮೇಡಂ ಫೋಟೋ ನೋಡಿದರು, ಆಯಾಳನ್ನು ನೋಡಿದರು, ಮತ್ತೆ ಫೋಟೋ ನೋಡಿದರು.

"ಇದು ಯಾರು, ಇವರ ಮಗಳಾ?"

ಮಾಮ ಬಗ್ಗಿ ನೋಡಿದ. ನಲವತ್ತು ವರ್ಷದ ಕೈ ಅವನನ್ನು ಕೇಳದೆಯೇ ತನ್ನ ಕೆಲಸ ಮಾಡಿ ಮುಗಿಸಿತ್ತು. ಹಿಂದೆ ನೆಗೆಟಿವ್ ಮೇಲೆ ಪೆನ್ಸಿಲ್ಲಿನಿಂದ, ಈಗ ಕಂಪ್ಯೂಟರಿನಲ್ಲಿ ಮೌಸಿನಿಂದ, ಬಂದವರ ಮುಖದ ಗೆರೆಗಳನ್ನೆಲ್ಲ ಅಳಿಸಿ ಕಳಿಸುವುದು ಅವನ ಮರ್ಯಾದೆಯ ಪ್ರಶ್ನೆ. ಅರವತ್ತೇಳಕ್ಕೆ ಸಾಕ್ಷಿಯಾಗಬೇಕಿದ್ದ ಮುಖವನ್ನು ನುಣ್ಣಗೆ ನಲವತ್ತಕ್ಕೆ ಇಳಿಸಿ ತಂದಿದ್ದ.

"ಶಾಲೆಯವರಿಗೆ ಇದನ್ನ ಕಳಿಸಿದ್ರೆ ಇನ್ನೂ ಇಪ್ಪತ್ತು ವರ್ಷ ಇಟ್ಕೊಳ್ತಾರೆ," ಎಂದಳು ಆಯಾ.

ಗಂಟೆ ಹನ್ನೊಂದೂವರೆ. ಮಾಮ ಅವಳನ್ನು ಮತ್ತೆ ಸ್ಟೂಲಿನ ಮೇಲೆ ಕೂರಿಸಿದ. ಕ್ಲಿಕ್ಕಿಸಿದ. ಪರದೆಯ ಮೇಲೆ ಮುಖ ಬಂತು: ಹಣೆಯ ಗೆರೆ, ಕಣ್ಣ ಕೆಳಗಿನ ಚೀಲ, ಬಾಯಿಯ ಸುತ್ತ ವರ್ಷಗಟ್ಟಲೆ ಸೀಟಿ ಊದಿ ಬಿದ್ದ ನೆರಿಗೆ. ಬಲಗೈ ತಾನಾಗಿ ಮೌಸಿನ ಕಡೆ ಹೋಯಿತು. ಎಡಗೈಯಿಂದ ಅದನ್ನು ಹಿಡಿದುಕೊಂಡ. ಅದೂ ಸಾಲದೆ ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತ. "ನೀವೇ ಆ ಬಟನ್ ಒತ್ತಿಬಿಡಿ ತಾಯಿ, ನನ್ನಿಂದಾಗಲ್ಲ," ಎಂದ. ಪ್ರಿಂಟ್ ಹೊರಬಂದಾಗ ತಾನು ಇದುವರೆಗೆ ತೆಗೆದ ಫೋಟೋಗಳಲ್ಲೆಲ್ಲ ಇದೇ ಚೆನ್ನಾಗಿದೆ ಅನ್ನಿಸಿತು ಅವನಿಗೆ. ಹಾಗಂತ ಹೇಳಿಯೂ ಹೇಳಿದ. ಆಯಾ ನಂಬಲಿಲ್ಲ.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಮೇಡಂ ಎರಡು ಸಲ ಮೊಹರು ಒತ್ತಿದರು. ಸಂಜೆಯೊಳಗೆ ಇಸ್ತ್ರಿಯಮ್ಮನ ಹೆಸರು ಆಸ್ಪತ್ರೆಯ ಪಟ್ಟಿಯಲ್ಲಿತ್ತು.

ಕಾಗದ ಅವಸರ ಮಾಡದಿದ್ದರೂ ತಲುಪಿಯೇ ತಲುಪಿತು. ತಿಂಗಳ ಕೊನೆಗೆ ಶಾಲೆಯವರು ಆಯಾಳಿಗೆ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಮರುದಿನದಿಂದ ಅವಳು ಇಸ್ತ್ರಿ ಗಾಡಿಯ ಹತ್ತಿರ ನಿಂತಳು, ಮೊದಲ ದಿನವೇ ಎರಡು ಶರ್ಟು ಸುಟ್ಟಳು. ಊಟಕ್ಕೆ ಹೇಗೋ ಏನೋ ಎಂಬ ಚಿಂತೆ ಇದ್ದೇ ಇತ್ತು.

ಅದೇ ವಾರ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ಮಾಮನೂ ಆಸ್ಪತ್ರೆಗೆ ಹೋಗಿದ್ದ. ನರ್ಸು ಬಲಗಣ್ಣಿನ ಬಟ್ಟೆ ತೆಗೆದು, "ನಿಧಾನವಾಗಿ ಕಣ್ಣು ಬಿಡಿ," ಎಂದಳು. ಇಸ್ತ್ರಿಯಮ್ಮ ರೆಪ್ಪೆ ಬಡಿದಳು. ಕಿಟಕಿ ನೋಡಿದಳು, ಬಕೆಟ್ಟು ನೋಡಿದಳು, ಮಾಮನ ಹೊಟ್ಟೆಯನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಮಂಚದ ತುದಿಯಲ್ಲಿ ಕೂತಿದ್ದ ಅಕ್ಕನ ಕಡೆ ತಿರುಗಿದಳು. ನಾಲ್ಕೈದು ವರ್ಷದಿಂದ ಆ ಮುಖ ಅವಳಿಗೆ ಬರೀ ಮಂಜಿನೊಳಗಿನ ಒಂದು ದನಿಯಾಗಿತ್ತು. ಕೈ ಚಾಚಿ ಹಣೆ ಮುಟ್ಟಿದಳು, ಕೆನ್ನೆ ಮುಟ್ಟಿದಳು, ಬಾಯಿಯ ಸುತ್ತಲಿನ ನೆರಿಗೆಗಳನ್ನು ಬಟ್ಟೆಯ ಸುಕ್ಕು ನೋಡುವ ಹಾಗೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು.

"ಅಯ್ಯೋ, ಎಷ್ಟು ಮುದುಕಿ ಆಗಿಬಿಟ್ಟಿದ್ದೀಯಲ್ಲೇ! ನನಗೆ ಒಂದು ಮಾತು ಹೇಳೋದಲ್ವಾ?"

ಆಯಾ ತಂಗಿಯ ಕೈಯನ್ನು ತನ್ನ ಕೆನ್ನೆಯ ಮೇಲೇ ಹಿಡಿದುಕೊಂಡಳು.

"ಮುದುಕಿ ಆಗೋದಕ್ಕೇ ಪುರುಸೊತ್ತಿರಲಿಲ್ಲ ಕಣೇ," ಎಂದಳು. "ಇವತ್ತಿನಿಂದ ಆಗ್ತೀನಿ, ಕೂತು ನೋಡು."